ಎಲ್ಲರ ಪಾಸ್‌ವರ್ಡ್

ಬಸವನಗುಡಿಯ ಒಂದು ವಿದ್ಯಾಸಂಸ್ಥೆಯಲ್ಲಿ ನನಗೆ ಕೆಲಸ. ಅವರ ಕಾಲೇಜುಗಳ ಕಂಪ್ಯೂಟರುಗಳೆಲ್ಲ ನನ್ನ ಕೊರಳಿಗೇ ಬಿದ್ದಿದ್ದವು. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಅಂಕಗಳನ್ನು ತಿದ್ದುವ, ಅಳಿಸುವ ಅಧಿಕಾರವೆಲ್ಲ ಇದ್ದದ್ದು ‘ಅಡ್ಮಿನ್’ ಎಂಬ ಒಂದೇ ಖಾತೆಗೆ. ಅದರ ಪಾಸ್‌ವರ್ಡ್ ಟೈಪಿಸ್ಟ್‌ವರೆಗೆ ಎಲ್ಲರಿಗೂ ಗೊತ್ತು. ಕೇಳಿದವರಿಗೆ ಹೇಳದಿದ್ದರೆ ನಮ್ಮ ಆಫೀಸಿನಲ್ಲಿ ಅದು ಅವಮಾನ. ಬೈ-ಟು ಕಾಫಿ ಕುಡಿಯುವ ಜನ ಪಾಸ್‌ವರ್ಡನ್ನೂ ಹಾಗೇ ಹಂಚಿಕೊಂಡರು. ಬದಲಾಯಿಸಿ ಹೊಸದನ್ನು ಪ್ರಿನ್ಸಿಪಾಲರೊಬ್ಬರಿಗೇ ಹೇಳಿದರೂ, ಊಟದ ಹೊತ್ತಿಗೆ ಎಲ್ಲರ ಬಾಯಲ್ಲೂ ಅದೇ.

“ನಮ್‌ನಮ್ಮಲ್ಲೇ ಏನ್ರೀ ಗುಟ್ಟು? ನಂಬಿಕೆ ಇಲ್ವಾ?” ಎಂದು ಹಿರಿಯ ಸೂಪರಿಂಟೆಂಡೆಂಟರು ಮುಖ ಊದಿಸಿಕೊಳ್ಳುತ್ತಿದ್ದರು. ಹೇಳಿ ಹೇಳಿ ನನಗೂ ಸಾಕಾಗಿತ್ತು.

ಕಡೆಗೊಂದು ದಿನ, ಫೇಲಾದ ಹುಡುಗನೊಬ್ಬ ಕಂಪ್ಯೂಟರಿನಲ್ಲಿ ಪಾಸಾಗಿದ್ದ. ತಿದ್ದಿದ್ದು ಯಾರು ಎಂದು ಹುಡುಕಿದರೆ ಸಿಕ್ಕಿದ್ದು ‘ಅಡ್ಮಿನ್’, ಅಷ್ಟೆ. ಅಂಕ ತುಂಬಿಸುತ್ತಿದ್ದವರು ಶ್ರೀರಾಂಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಮಹಿಳಾ ಗುಮಾಸ್ತರು. ಎಲ್ಲರ ಅನುಮಾನ ಅವರ ಮೇಲೆ; ಎದುರಿಗೆ ಮಾತ್ರ ಯಾರೂ ಏನೂ ಅನ್ನಲಿಲ್ಲ. ಅವರನ್ನು ಟಪಾಲು ವಿಭಾಗಕ್ಕೆ ಹಾಕಿದರು. ಆಮೇಲೆ ಅವರ ಪಕ್ಕ ಕೂತು ಊಟ ಮಾಡುವವರೂ ಇಲ್ಲವಾದರು. ಅವರು ಮಾಡಿದವರಲ್ಲ ಎಂದೇ ನನ್ನ ನಂಬಿಕೆ. ಸಾಬೀತು ಮಾಡುವ ದಾರಿ ಇರಲಿಲ್ಲ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವ ಹಾಗೆ, ಭದ್ರತೆಯ ಹೊಸ ವ್ಯವಸ್ಥೆ ಆರಿಸಲು ಸಮಿತಿಯಾಯಿತು. ಕಂಪನಿಗಳವರು ಬಂದರು, ಪರದೆಯ ಮೇಲೆ ಬಣ್ಣದ ಚಿತ್ರ ತೋರಿಸಿದರು, ಹೋದರು. ಪ್ರತಿಯೊಬ್ಬರಿಗೂ ಅವರವರ ಹೆಸರಿನ ಖಾತೆ ಇರಲಿ, ಅಂಕ ತಿದ್ದಲು ಇಬ್ಬರ ಒಪ್ಪಿಗೆ ಬೇಕಾಗಲಿ, ಯಾರು ಏನು ಮಾಡಿದರೆಂಬುದನ್ನು ಯಾರೂ ಅಳಿಸುವಂತಿರಬಾರದು ಎಂದು ನಾನು ಹಟ ಹಿಡಿದೆ. ಸಮಿತಿಯವರದು ಒಂದೇ ಪ್ರಶ್ನೆ: “ನನಗೆ ಫುಲ್ ಅಧಿಕಾರ ಇರುತ್ತೆ ತಾನೆ?” ಅವರವರ ಕೆಲಸಕ್ಕೆ ಬೇಕಾದಷ್ಟು ಸಾಕು ಎಂದು ಒಬ್ಬೊಬ್ಬರನ್ನೇ ಒಪ್ಪಿಸುವಷ್ಟರಲ್ಲಿ ಬೇಸಿಗೆ, ಮಳೆ ಎರಡೂ ಮುಗಿದು ಕಡಲೆಕಾಯಿ ಪರಿಷೆ ಬಂದಿತ್ತು. ಈ ಕೆಲಸವೇ ಬೇಡಪ್ಪ ಅನ್ನಿಸಿಹೋಗಿತ್ತು.

ಅಂತೂ ಹೊಸ ವ್ಯವಸ್ಥೆ ಬಂತು. ಟಪಾಲು ವಿಭಾಗದ ಆ ಗುಮಾಸ್ತರಿಗೆ ಖಾತೆ ತೆರೆದುಕೊಡಲು ನಾನೇ ಹೋದೆ. ಅವರಿಗೆ ಸ್ವಲ್ಪ ಸಮಾಧಾನವಾದೀತು ಎಂಬ ಆಸೆ.

“ಇನ್ಮೇಲೆ ಯಾರು ತಿದ್ದಿದ್ರೂ ಹೆಸರು ಸಮೇತ ಗೊತ್ತಾಗುತ್ತೆ ಮೇಡಂ,” ಎಂದೆ.

“ಅವತ್ತಿಂದು ಗೊತ್ತಾಗುತ್ತಾ ಸಾರ್?”

“ಇಲ್ಲ. ಇವತ್ತಿಂದ ಮಾತ್ರ.”

ಅವರು ಲಕೋಟೆಗೆ ಅಂಟು ಹಚ್ಚುತ್ತಲೇ ಇದ್ದರು.

“ಹಂಗಾದ್ರೆ ಅವತ್ತು ಮಾಡ್ದೋರು ಇನ್ಮೇಲೆ ಹೆದರ್ಕೊಂಡು ಸುಮ್ನಿರ್ತಾರೆ,” ಎಂದರು. “ನಾನು ಆ ಸೀಟು ಬಿಟ್ಮೇಲೆ ಎಲ್ಲಾ ನಿಂತ್ಹೋಯ್ತು ಅಂತ ಜನ ಅಂತಾರೆ. ಅಲ್ವಾ ಸಾರ್?”

ಕೀಲಿಮಣೆಯನ್ನು ಅವರ ಕಡೆ ಸರಿಸಿದೆ. “ನಿಮ್ಮ ಪಾಸ್‌ವರ್ಡ್ ಹಾಕಿ ಮೇಡಂ,” ಎಂದು ಮುಖ ಆಚೆ ತಿರುಗಿಸಿ ನಿಂತೆ.