ಲಿಮ್ ಕಾಕನ ಕಿವಿ

ಮೀನು ಕೂಗುತ್ತದೆ ಎಂದು ಲಿಮ್ ಸೆಂಗ್ ಮೊದಲ ಸಲ ಹೇಳಿದಾಗ ಉಳ್ಳಾಲದ ಬಾವಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಕಡಲ ಮಗ್ಗುಲಲ್ಲೇ ಹುಟ್ಟಿದ ತನಗೆ ಈ ಚೀನೀ ಮುದುಕ ಮೀನಿನ ಪಾಠ ಹೇಳುವುದೇ ಎಂಬ ಕೊಬ್ಬು. ಅದೇ ಸಂಜೆ ಕುವೈತಿನ ಕಡಲಲ್ಲಿ ದೋಣಿಯ ಎಂಜಿನ್ ನಿಲ್ಲಿಸಿ, ಎಲ್ಲರ ಬಾಯಿ ಮುಚ್ಚಿಸಿ, ಮುದುಕ ಒಂದು ಹುಟ್ಟನ್ನು ನೀರಿಗಿಳಿಸಿ ಅದರ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡ. ಐದು ನಿಮಿಷ ಕಣ್ಣು ಮುಚ್ಚಿ ಕುಳಿತು ಬಲಕ್ಕೆ ಬೆರಳು ತೋರಿಸಿದ. ಆಮೇಲೆ ಬಲೆ ಎಳೆಯುವಾಗ ಎಂಟು ಜನರ ರಟ್ಟೆ ಸೋತುಹೋದವು. ಕುವೈತಿನವರು ನುವೈಬಿ ಎನ್ನುವ, ಬಾವಾನ ಊರಿನವರು ಕಲ್ಲೂರು ಎನ್ನುವ ಮೀನು. ಹೊತ್ತು ಮುಳುಗಿ ಮಗ್ರಿಬ್ ನಮಾಜಿನ ಹೊತ್ತಿಗೆ ಹಿಂಡು ಸೇರಿದಾಗ ಅವು ಹೊಟ್ಟೆಯೊಳಗಿಂದ ಗೊರಗೊರ ಸದ್ದು ಮಾಡುತ್ತವಂತೆ. ಬಾವಾ ಮತ್ತೆ ನಗಲಿಲ್ಲ. ಅಂದಿನಿಂದ ಮುದುಕ ಅವನಿಗೆ ಲಿಮ್ ಕಾಕನಾದ.

ಆ ವಿದ್ಯೆ ಲಿಮ್‌ನ ಅಜ್ಜನದು. ಚೀನಾದ ಕರಾವಳಿಯಲ್ಲಿ ಹೊಟ್ಟೆಗಿಲ್ಲದೆ ದೋಣಿ ಹತ್ತಿದ ಅಜ್ಜ, ಮಲಯಾದ ಒಂದು ಕೆಸರು ದ್ವೀಪದಲ್ಲಿ ಕಂಬ ನೆಟ್ಟು ಅದರ ಮೇಲೆ ಮನೆ ಕಟ್ಟಿದ. ಅಂಥ ಮನೆಗಳು ಹತ್ತಾಗಿ, ನೂರಾಗಿ, ಅಲ್ಲೊಂದು ಕೇರಿಯೇ ಆಯಿತು. ಯುದ್ಧಕಾಲದಲ್ಲಿ ಜಪಾನೀ ಸೈನಿಕರು ದೋಣಿ ಕಸಿಯಲು ಬರುತ್ತಾರೆಂಬ ಸುದ್ದಿ ಹಬ್ಬಿದಾಗ, ಕೇರಿಯ ಗಂಡಸರು ತಮ್ಮ ದೋಣಿಗಳನ್ನು ತಾವೇ ಕೆಸರಿನಲ್ಲಿ ಮುಳುಗಿಸಿಟ್ಟರು. ಮೂರು ವರ್ಷ ಏಡಿ, ಗೆಣಸು ತಿಂದು ಜೀವ ಹಿಡಿದುಕೊಂಡು, ಆಮೇಲೆ ಅವುಗಳನ್ನೇ ಎತ್ತಿ ತೊಳೆದು ಕಡಲಿಗಿಳಿದರು. ಅಂಥ ಗಟ್ಟಿ ಜನ. ಆದರೆ ಮುಂದೆ ದೊಡ್ಡ ಟ್ರಾಲರುಗಳು ಬಂದು ಸಮುದ್ರದ ತಳ ಗೋರಿದಾಗ ಅವರಿಗೂ ಏನೂ ಮಾಡಲಾಗಲಿಲ್ಲ. ಮೀನೇ ಇಲ್ಲದ ನೀರಿಗೆ ಕಿವಿ ಕೊಟ್ಟು ಏನು ಬಂತು? ಲಿಮ್‌ನ ಮಗ ಕೌಲಾಲಂಪುರದಲ್ಲಿ ಟ್ಯಾಕ್ಸಿ ಓಡಿಸಲು ಹೋದ. ಹೆಂಡತಿ ತೀರಿಕೊಂಡ ವರ್ಷ, ಸಾವಿರದ ಒಂಬೈನೂರ ಎಪ್ಪತ್ತಮೂರರಲ್ಲಿ, ಲಿಮ್ ಸಿಗಡಿ ಹಡಗಿನ ಕೆಲಸ ಹಿಡಿದು ಕುವೈತಿಗೆ ಬಂದ. ಆ ಕೆಲಸ ಹೋದ ಮೇಲೆ ನಾಖುದಾ ಜಾಸಿಮ್‌ನ ದೋಣಿ ಸೇರಿದ. ನಾಖುದಾ ಎಂದರೆ ದೋಣಿಯ ಯಜಮಾನ; ಇವರೆಲ್ಲರ ವೀಸಾಕ್ಕೆ ಜಾಮೀನು ನಿಂತ ಕಫೀಲನೂ ಅವನೇ.

ಎಂಜಿನ್ ಬಾವಾನ ಪಾಲಿನ ಕೆಲಸ. ಎಂಬತ್ತೆರಡರ ಒಂದು ಸಂಜೆ ಅವನು ಎಂಜಿನ್ ಆರಿಸಿದನೇ ಹೊರತು ದೋಣಿಯ ತಳದ ನೀರು ಎತ್ತುವ ಪಂಪು ಆರಿಸಲು ಮರೆತ. ಯಾರಾದರೂ ಕೆಮ್ಮಿದರೂ ಸಿಡುಕುತ್ತಿದ್ದ ಮುದುಕ, ಪಂಪು ಡಬಡಬ ಬಡಿದುಕೊಳ್ಳುತ್ತಿರುವಾಗಲೇ ಶಾಂತವಾಗಿ ಎಡಕ್ಕೆ ಬೆರಳು ತೋರಿಸಿದ. ಬಲೆ ಬರಿದಾಗಿ ಬಂತು. ಉಳಿದವರು ಮೀನಿಗೆ ಬೈದರು. ಬಾವಾ ಮಾತ್ರ ಪಂಪಿನ ಕಡೆ ನೋಡಿ, ಆಮೇಲೆ ಮುದುಕನ ಕಡೆ ನೋಡಿದ.

ದಡ ಸೇರಿದ ಮೇಲೆ, ಶರ್ಕಿನ ಬಂದರಿನ ಪಕ್ಕದ ತಮ್ಮ ಕೋಣೆಯಲ್ಲಿ ಅವನು ಮುದುಕನ ಕಿವಿಗೆ ಬಾಯಿಟ್ಟು ಕೂಗಿದ. ಅವರಿಬ್ಬರದು ಅರಬಿ, ಹಿಂದಿ ಕಲಸಿದ ಭಾಷೆ.

"ಕಾಕಾ, ನಿಮ್ಗೆ ಕೇಳುದಿಲ್ವಾ?"

"ಎಡದ್ದು ಹೋಗಿ ವರ್ಷ ಆಯ್ತು. ಬಲದ್ದು ಈ ಚಳಿಗೆ ಹೋಯ್ತು. ಹಕ್ಕಿ ನೋಡಿ, ನೀರಿನ ಬಣ್ಣ ನೋಡಿ ಹೇಳ್ತಾ ಇದ್ದೇನೆ. ಯಾರ ಹತ್ರವೂ ಹೇಳ್ಬೇಡ ಬಾವಾ."

ಬಾವಾ ಅವನನ್ನು ಹವಲ್ಲಿಯ ಕ್ಲಿನಿಕ್ಕಿಗೆ ಕರೆದೊಯ್ದ. ಅಲ್ಲಿನ ಡಾಕ್ಟರು ಲಕ್ಷ್ಮೀನರಸಿಂಹ, ಮೈಸೂರಿನವರು. "ನರಾನೇ ಹೋಗ್ಬಿಟ್ಟಿದೆ ಕಣ್ರೀ, ಇನ್ನೇನೂ ಮಾಡೋಕಾಗಲ್ಲ," ಎಂದರು. ಬಾವಾ ಎರಡೆರಡು ಸಲ "ಹಾಂ?" ಎಂದದ್ದಕ್ಕೆ ಅವನನ್ನೂ ಕೂರಿಸಿ ಪರೀಕ್ಷೆ ಮಾಡಿದರು. "ಎಂಜಿನ್ ಪಕ್ಕ ಎಷ್ಟು ವರ್ಷ ಆಯ್ತು?"

"ಹನ್ನೊಂದು ಡಾಕ್ಟ್ರೇ."

"ನಿಮ್ಮದೂ ಅರ್ಧ ಹೋಗಿದೆ. ಸಣ್ಣ ಸದ್ದುಗಳು ಇನ್ನು ಕೇಳಿಸಲ್ಲ."

ಬಾವಾ ಈ ಮಾತನ್ನು ಮುದುಕನಿಗೆ ಹೇಳಲಿಲ್ಲ. ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು.

ಮೂರು ವಾರ ಮೀನು ಸಿಗದಿದ್ದಾಗ ನಾಖುದಾ ಕಡ್ಡಿ ಮುರಿದಂತೆ ಹೇಳಿದ: ತಿಂಗಳ ಕೊನೆಗೆ ಮುದುಕನ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಮುಗಿಯುತ್ತದೆ, ಹೀಗೇ ಆದರೆ ಖಲಾಸ್. ಅಂದಿನಿಂದ ಮುದುಕ ಬಾವಾನ ಬೆನ್ನು ಬಿದ್ದ. "ನಮ್ಮ ಕೇರಿಯಲ್ಲಿ ಕೇಳುವವ ನಾನೇ ಕೊನೆ. ನನ್ನ ಮಗನಿಗೆ ಬೇಡವಾಯ್ತು. ನೀನು ಕಲಿ," ಎಂದ. ದಿನಾ ಸಂಜೆ ಇಬ್ಬರೂ ಚಿಕ್ಕ ದೋಣಿಯಲ್ಲಿ ಬಂದರಿನಾಚೆ ಹೋಗುತ್ತಿದ್ದರು. ಎಲುಬಿಗೆ ಎಷ್ಟು ಒತ್ತಬೇಕು, ಉಸಿರು ಎಲ್ಲಿ ಹಿಡಿಯಬೇಕು ಎಂದು ಮುದುಕ ಬಾವಾನ ತಲೆ ಹಿಡಿದು ತಿರುಗಿಸಿ ತೋರಿಸುತ್ತಿದ್ದ. ಬಾವಾನಿಗೆ ಕೇಳುತ್ತಿದ್ದದ್ದು ತನ್ನ ತಲೆಯೊಳಗಿನ ಗುಂಯ್ ಒಂದೇ. ಅಲ್ಲಾಹನ ಹೆಸರು ಹೇಳಿದ, ಕಿವಿಗೆ ಬಿಸಿ ಎಣ್ಣೆ ಬಿಟ್ಟುಕೊಂಡ. ಗುಂಯ್ ಎನ್ನುವುದು ಗುಂಯ್ ಎನ್ನುತ್ತಲೇ ಇತ್ತು.

ಆರನೆಯ ಸಂಜೆ ಅವನು ತಲೆಯೆತ್ತಿ ನೋಡಿದ. ಮುದುಕ ಹಸಿದ ಮಗುವಿನಂತೆ ಅವನ ಬಾಯನ್ನೇ ನೋಡುತ್ತ ಕುಳಿತಿದ್ದ. ಎಷ್ಟು ದಿನ ಅಂತ ಇಲ್ಲ ಎನ್ನುವುದು? ಬಾವಾನಿಗೆ ಸಂಕಟ ತಡೆಯಲಾಗಲಿಲ್ಲ. ಈ ಜೀವಕ್ಕೆ ಒಂದು ರಾತ್ರಿಯಾದರೂ ಸುಖನಿದ್ದೆ ಬರಲಿ ಎಂದು, "ಕೇಳ್ತು ಕಾಕಾ! ಗೊರಗೊರ ಅಂತ!" ಎಂದು ಕೂಗಿಬಿಟ್ಟ.

ಮುದುಕ ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ಎದ್ದು ನಿಂತು ತನ್ನ ಭಾಷೆಯಲ್ಲಿ ಏನೇನೋ ಹೇಳಿದ, ಅಜ್ಜನಿಗಿರಬೇಕು.

ಮರುದಿನ ಬೆಳಿಗ್ಗೆ ಮುದುಕ ಯಾರನ್ನೂ ಕೇಳದೆ, ಬಾವಾನ ಕೈ ಹಿಡಿದುಕೊಂಡು ನೇರ ನಾಖುದಾನ ಹತ್ತಿರ ಹೋದ. "ನನ್ನ ಕಿವಿ ಹೋಗಿದೆ. ನಿಮಗೆ ಮೋಸ ಮಾಡಿದೆ, ಮಾಫ್ ಮಾಡಿ. ಇನ್ನು ಇವನು ಕೇಳ್ತಾನೆ, ನನ್ನನ್ನು ಕಳಿಸಿಬಿಡಿ," ಎಂದ.

ನಾಖುದಾ ಬಾವಾನ ಕಡೆ ತಿರುಗಿದ. "ಸಾಹ್?" ನಿಜವೇ?

ಇಲ್ಲ ಎಂದರೂ ಮುದುಕ ಉಳಿಯುತ್ತಿರಲಿಲ್ಲ. ಕಿವುಡನೆಂದು ಅವನೇ ಒಪ್ಪಿಕೊಂಡಾಗಿತ್ತು. ಅವನ ಸಂತೋಷವೊಂದು ಹೋಗುತ್ತಿತ್ತು, ಅಷ್ಟೇ. ತನ್ನ ಸುಳ್ಳು ವಾರದೊಳಗೆ ಬಯಲಾಗುತ್ತದೆಂದು ಗೊತ್ತಿದ್ದೂ ಬಾವಾ ಹೌದೆಂದು ತಲೆಯಾಡಿಸಿದ.

ವಿಮಾನ ನಿಲ್ದಾಣದಲ್ಲಿ ಲಿಮ್ ಮದುವೆಗೆ ಹೊರಟವನಂತೆ ಕ್ರಾಪು ತೀಡಿಕೊಂಡಿದ್ದ. ಇಕಾಮಾ ರದ್ದಾಗಿತ್ತು, ಮಗ ಕಾಗದಕ್ಕೆ ಉತ್ತರ ಬರೆದಿರಲಿಲ್ಲ, ಕೇರಿಯಲ್ಲಿ ಮನೆ ನಿಂತಿದೆಯೋ ಇಲ್ಲವೋ ತಿಳಿಯದು. ಆದರೂ ಅವನ ಮುಖದಲ್ಲಿ ನಗು. ಕಿವುಡರ ದೊಡ್ಡ ದನಿಯಲ್ಲಿ, "ನಿನ್ನ ಮಕ್ಕಳಿಗೂ ಕಲಿಸು," ಎಂದು ಕೂಗಿದ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಇನ್ನು ಬಾವಾನ ಕೈಲಿ ತಡೆಯಲಾಗಲಿಲ್ಲ. ಮುದುಕನ ಕಿವಿಗೆ ಬಾಯಿಟ್ಟು ಕಿರುಚಿದ್ದರೆ ಕೇಳಿಸುತ್ತಿತ್ತೇನೋ. ಆ ಧೈರ್ಯ ಬರಲಿಲ್ಲ. ಇದ್ದಲ್ಲೇ ನಿಂತು, ಮಾಮೂಲಿ ದನಿಯಲ್ಲಿ ಹೇಳಿದ: "ಕಾಕಾ, ನಂಗೆ ಎಂತದೂ ಕೇಳ್ಲಿಲ್ಲ. ಒಂದು ದಿನವೂ ಕೇಳ್ಲಿಲ್ಲ."

ಮುದುಕ ಅವನ ತುಟಿಗಳು ಅಲುಗಿದ್ದನ್ನು ನೋಡಿದ. ಪ್ರೀತಿಯಿಂದ ಕೆನ್ನೆ ತಟ್ಟಿ, "ಹೌದು, ಹೌದು," ಎನ್ನುತ್ತ ಒಳಗೆ ನಡೆದ.