ಕೆಡ್ಡಸಕ್ಕೆ ಬಿಟ್ಟ ಮಣ್ಣು

ಅಣ್ಣ ಜ್ವರ ಹಿಡಿದು ಮಲಗುವ ಹಿಂದಿನ ದಿನ ಕೆಡ್ಡಸ ಶುರುವಾಗಿತ್ತು. ಭೂಮಿತಾಯಿ ಮುಟ್ಟಾಗಿ ವಿಶ್ರಾಂತಿಯಲ್ಲಿರುವಳೆಂದು ನಮ್ಮವರು ನಂಬುವ ದಿನಗಳು. ಆಗ ಯಾರೂ ನೆಲ ಅಗೆಯುವುದಿಲ್ಲ. ಅಮ್ಮ ಹುರಿದ ಅಕ್ಕಿ, ಹುರುಳಿಯ ಹುಡಿಗೆ ಬೆಲ್ಲ, ತೆಂಗಿನಕಾಯಿ ಬೆರೆಸುತ್ತಿದ್ದಳು. ಅಣ್ಣ ಸಣ್ಣ ಹಾರೆ ಹಿಡಿದು ಅಂಗಳಕ್ಕಿಳಿದ.

"ಎಲ್ಲಿಗೆ ಮಾರಾಯ? ಇವತ್ತು ಕೆಡ್ಡಸ ಅಂತ ಗೊತ್ತುಂಟಲ್ಲ?"

"ಒಂದು ಹಿಡಿ ಮಣ್ಣು ಅಮ್ಮ. ಚಳಿ ಹೋದ ಮೇಲೆ ತೆಗೆದು ಎಂತ ಪ್ರಯೋಜನ?"

"ಮಣ್ಣಿನ ಜಾತಕ ನೋಡಿದ್ದು ಸಾಕು. ತಂಗಿಯದ್ದು ಎಲ್ಲಿಯಾದರೂ ತೋರಿಸು."

"ಅವಳದ್ದಕ್ಕಿಂತ ಇದು ಬೇಗ ಕೂಡಿ ಬರ್ತದೆ," ಎಂದು ನನ್ನತ್ತ ನೋಡಿ ನಕ್ಕ. ಕೆಡ್ಡಸ ಕಳೆಯಲೆಂದು ಹಾರೆ ಒರಗಿಸಿ ಹುಡಿ ತಿನ್ನಲು ಕೂತ.

ಅವನು ಕಾಲೇಜಿನಲ್ಲಿ ವಿಜ್ಞಾನ ಕಲಿಸುತ್ತಿದ್ದ. ದೇರೆಬೈಲಿನ ನಮ್ಮ ಮನೆಯ ಹಿಂದಿನ ಗುಡ್ಡದ ನೆತ್ತಿಯಲ್ಲಿ ಮುಳಿಹುಲ್ಲು, ಇಳಿಜಾರಿನ ನಡುವೆ ಗೇರು, ಬುಡದಲ್ಲಿ ಮಾವು ಹಲಸು. ಮೂರೂ ಕಡೆಯ ಮಣ್ಣನ್ನು ಕುದಿಸಿ ಆರಿಸಿದ ನೀರಿನಲ್ಲಿ ಕಲಕಿ, ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಅಂಟಿನ ಮೇಲೆ ಹನಿಸುತ್ತಿದ್ದ. ಕೆಲವು ದಿನಗಳಲ್ಲಿ ಚುಕ್ಕಿಗಳು ಏಳುತ್ತಿದ್ದವು. ಅವು ಕಣ್ಣಿಗೆ ಕಾಣದ ಜೀವಿಗಳ ಹಿಂಡು ಎನ್ನುತ್ತಿದ್ದ. ಬೇಸಿಗೆಯಲ್ಲಿ ಹುಲ್ಲಿನಡಿಯ ಮಣ್ಣಿನಿಂದ ಎದ್ದದ್ದು ಬೆರಳೆಣಿಕೆಯ ಚುಕ್ಕಿ. ಮರಗಳಡಿಯದ್ದು ತರಗೆಲೆ ಹೊದ್ದು ತಣ್ಣಗಿತ್ತು, ತಟ್ಟೆ ತುಂಬಿತು. ಮೊದಲ ಮಳೆಗೆ ಹುಲ್ಲಿನದೂ ತುಂಬಿತು, ಆಟಿ ತಿಂಗಳ ಜಡಿಮಳೆ ನೆತ್ತಿಯನ್ನು ತೊಳೆದಾಗ ಮತ್ತೆ ಇಳಿಯಿತು. ಚಳಿಗಾಲದ ಬರೀ ಇಬ್ಬನಿಯಲ್ಲಿ ಅವು ಬದುಕುತ್ತವೆಯೇ? ಅದೊಂದು ಅವನಿಗೆ ತಿಳಿಯಬೇಕಿತ್ತು.

ಮರುದಿನ ಜ್ವರ ಬಂತು. ವಿಷಮಜ್ವರ ಎಂದರು ಡಾಕ್ಟರು. ಶಿವರಾತ್ರಿಗೆ ಮುಂಚೆ ಅವನು ತೀರಿಕೊಂಡ.

ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಬಂದ ನೆರೆಮನೆಯ ಹೆಂಗಸು ಎಲೆಯ ಮುಂದೆ ಕೂತು, "ವರ್ಷವಿಡೀ ಗುಡ್ಡ ಕೆದಕಿದ್ರೆ ಭೂಮಿ ಸುಮ್ಮನೆ ಬಿಡ್ತಾಳಾ?" ಎಂದಳು.

ಅಮ್ಮ ಸಾರಿನ ಸೌಟು ಕೆಳಗಿಡಲಿಲ್ಲ. "ಕೆಡ್ಡಸದಲ್ಲಿ ನನ್ನ ಮಗ ಒಂದು ಹುಲ್ಲು ಕಿತ್ತದ್ದಿಲ್ಲ. ನೀನು ಊಟ ಮಾಡು."

ಮುಂದಿನ ವರ್ಷ ಕೆಡ್ಡಸ ಬರುವ ಮುಂಚೆಯೇ ಅಮ್ಮ ನನ್ನನ್ನು ಕರೆದಳು. "ಗುಡ್ಡಕ್ಕೆ ಹೋಗಿ ಬಾ. ಅವನದ್ದು ಬಾಕಿ ಉಂಟಲ್ಲ."

ನಾನು ಮಣ್ಣು ತೆಗೆದು ಕಾಲೇಜಿಗೆ ಒಯ್ದೆ. ಅಣ್ಣನ ಜಾಗಕ್ಕೆ ಬಂದ ಮಾಸ್ತರರು ಬೇಡವೆನ್ನಲಿಲ್ಲ, ಕೆಲವು ದಿನ ಬಿಟ್ಟು ಬರಲು ಹೇಳಿದರು. ಹೋದಾಗ ತಟ್ಟೆಗಳನ್ನು ತೋರಿಸಿದರು.

"ಚುಕ್ಕಿ ಬಂದಿದೆ ತಂಗಿ. ಆದರೆ ಈ ಸಲದ ಮಳೆ ಬೇರೆ, ನೆತ್ತಿಯ ಹುಲ್ಲಿಗೆ ಯಾರೋ ಬೆಂಕಿಯೂ ಇಟ್ಟಿದ್ದಾರೆ. ನಿಮ್ಮಣ್ಣನ ಲೆಕ್ಕದ ಜತೆ ಇದನ್ನು ಸೇರಿಸ್ಲಿಕ್ಕೆ ಆಗುವುದಿಲ್ಲ."

ಬಿಸಿಲಲ್ಲಿ ನಡೆದು ಮನೆಗೆ ಬಂದೆ. "ಎಂತ ಹೇಳಿದರು?" ಎಂದು ಅಮ್ಮ ಕೇಳಿದಳು. ಚುಕ್ಕಿ ಬಂದಿದೆ ಎಂದೆ. ಉಳಿದದ್ದನ್ನು ನನ್ನಲ್ಲೇ ಇಟ್ಟುಕೊಂಡೆ.

ಅಣ್ಣನ ಕೆಲಸದಲ್ಲಿ ಬೇಸಿಗೆ ಇದೆ, ಮಳೆಗಾಲ ಇದೆ. ಆ ಚಳಿಗಾಲ ಇಲ್ಲ.