ಒಂದು ಹೆಬ್ಬೆರಳನ್ನು ಮತ್ತೆ ಜೋಡಿಸಿದ್ದು

ಮಡಿವಾಳ ಮಾರ್ಕೆಟ್ಟಿನ ಕೋಳಿ ಅಂಗಡಿಯ ಮುಂದೆ ಮೊದಲ ಸಲ ನಿಂತಾಗ ನನಗೆ ಮೂವತ್ತೊಂದು ವರ್ಷ. ಸರ್ಜನ್ ಆಗಿ, ಅದರ ಮೇಲೆ ಪ್ಲಾಸ್ಟಿಕ್ ಸರ್ಜರಿಯ ತರಬೇತಿಗೆ ಸೇರಿದ್ದೆ. ಹನುಮಂತನಗರದ ನಮ್ಮ ಮನೆಯೊಳಗೆ ಮೊಟ್ಟೆಯೂ ಬಂದದ್ದಿಲ್ಲ. ಹಾಗಾಗಿ ಅಂಗಡಿಯವನ ಹತ್ತಿರ ಹೇಗೆ ಕೇಳಬೇಕೆಂದೇ ನನಗೆ ಗೊತ್ತಿರಲಿಲ್ಲ.

"ನಾಲ್ಕು ಕಾಲು ಕೊಡಿ. ತೊಡೆ ಸಮೇತ. ಪೀಸ್ ಮಾಡಬೇಡಿ," ಎಂದೆ.

"ಕಬಾಬ್‌ಗಾ ಮೇಡಂ, ತಂದೂರಿಗಾ?"

"ಹೊಲಿಯೋಕೆ."

ಆತ ಕತ್ತಿ ಕೆಳಗಿಟ್ಟು ನನ್ನನ್ನೇ ನೋಡಿದ. ನಾನು ಡಾಕ್ಟರು, ತುಂಡಾದ ರಕ್ತನಾಳ ಜೋಡಿಸುವುದನ್ನು ಕಲಿಯುತ್ತಿದ್ದೇನೆ, ಕೋಳಿಯ ತೊಡೆಯಲ್ಲಿರುವ ನಾಳ ಮನುಷ್ಯನ ಬೆರಳಿನದರಷ್ಟೇ ಸಣ್ಣದು ಎಂದೆಲ್ಲ ವಿವರಿಸಿದ ಮೇಲೆ ನಕ್ಕ. ಮುಂದಿನ ವಾರದಿಂದ ನಾನು ಬಾಯಿ ತೆರೆಯುವ ಮೊದಲೇ, "ಆಪರೇಷನ್ ಕೋಳಿ ಬಂದಿದೆ ನೋಡಿ" ಎಂದು ಪೊಟ್ಟಣ ಕೈಗಿಡುತ್ತಿದ್ದ.

ಪೊಟ್ಟಣ ಹಿಡಿದು ಜಯನಗರದ ನಮ್ಮ ಆಸ್ಪತ್ರೆಗೆ ಬಂದು, ಹಿಂಬದಿಯ ಸಣ್ಣ ಕೋಣೆಯಲ್ಲಿದ್ದ ಹಳೆಯ ಮೈಕ್ರೋಸ್ಕೋಪಿನ ಮುಂದೆ ಕೂರುತ್ತಿದ್ದೆ. ಶ್ಯಾವಿಗೆ ಎಳೆಯಷ್ಟು ದಪ್ಪದ ನಾಳವನ್ನು ಕತ್ತರಿಸಬೇಕು, ಎರಡು ತುದಿಗಳನ್ನು ಎದುರುಬದುರು ತಂದು ಸುತ್ತಲೂ ಎಂಟು ಹೊಲಿಗೆ ಹಾಕಬೇಕು. ದಾರ ಕೂದಲಿಗಿಂತ ಎಷ್ಟೋ ಸಣ್ಣದು. ಮೇಜಿನ ಮೇಲೆ ಬಿದ್ದರೆ ಬರಿಗಣ್ಣಿಗೆ ಸಿಗುವುದಿಲ್ಲ, ಉಸಿರು ತಾಗಿದರೆ ಹಾರಿಹೋಗುತ್ತದೆ. ಮಡಿಸಿದ ಟವೆಲಿನ ಮೇಲೆ ಮಣಿಕಟ್ಟು ಊರಿ, ಬೆರಳ ತುದಿಗಳನ್ನು ಮಾತ್ರ ಆಡಿಸಬೇಕು. ಕೈ ನಡುಗುತ್ತದೆಂದು ನಾನು ಕಾಫಿ ಬಿಟ್ಟೆ. ಅಮ್ಮ ಎರಡು ದಿನ ನನ್ನ ಹಣೆ ಮುಟ್ಟಿ ಜ್ವರ ನೋಡಿದರು.

ನನಗೆ ಕಲಿಸುತ್ತಿದ್ದ ಹಿರಿಯ ವೈದ್ಯರನ್ನು ನಾವೆಲ್ಲ ಬರೀ 'ಸರ್' ಎನ್ನುತ್ತಿದ್ದೆವು. ಸಂಜೆ ಒಪಿಡಿ ಮುಗಿಸಿ ಬಂದು, ನಾನು ಹೊಲಿದ ನಾಳದ ಒಂದು ತುದಿಗೆ ಸಿರಿಂಜಿನಿಂದ ನೀರು ಬಿಡುತ್ತಿದ್ದರು. ನೀರು ಇನ್ನೊಂದು ತುದಿಯಿಂದ ಸಲೀಸಾಗಿ ಬಂದರೆ ಪಾಸು. ಮಧ್ಯದಲ್ಲಿ ಸೋರಿದರೆ ಅಥವಾ ನಿಂತರೆ ಒಂದು ಮಾತೂ ಆಡದೆ ಕತ್ತರಿಯಿಂದ ನನ್ನ ಹೊಲಿಗೆಯನ್ನು ಕತ್ತರಿಸಿ ಹೋಗುತ್ತಿದ್ದರು. ನನ್ನದು ಹೆಚ್ಚಾಗಿ ನಿಲ್ಲುತ್ತಿತ್ತು. ಮುಂದಿನ ಗೋಡೆಗೆ ಹಾಕುವ ಹೊಲಿಗೆಯಲ್ಲಿ ಹಿಂದಿನ ಗೋಡೆಯೂ ಸಿಕ್ಕಿಕೊಂಡು ನಾಳದ ಬಾಯಿಯೇ ಮುಚ್ಚಿಹೋಗುತ್ತಿತ್ತು. ಕಲಿಯುವ ಎಲ್ಲರೂ ಮಾಡುವ ತಪ್ಪು ಅದು. ನಾನು ನಾಲ್ಕು ತಿಂಗಳಾದರೂ ಮಾಡುತ್ತಲೇ ಇದ್ದೆ.

ಒಂದು ಸಂಜೆ ಹೇಳಿಯೇಬಿಟ್ಟೆ. "ಸರ್, ನನ್ನ ಕೈ ಇದಕ್ಕೆ ಸರಿಯಿಲ್ಲ ಅನ್ಸತ್ತೆ."

"ಇಂಥ ಕೈ ಯಾರಿಗೂ ಹುಟ್ತಾ ಬರಲ್ಲಮ್ಮ," ಎಂದರು ಸರ್, ಕೈ ತೊಳೆಯುತ್ತಾ. "ನಾಳೆ ಎಂಟಕ್ಕೆ ಬಾ. ಬೆಳಿಗ್ಗೆ ಹೊತ್ತು ಕಣ್ಣು ಚೆನ್ನಾಗಿರತ್ತೆ."

ಮರುದಿನ ಏಳೂವರೆಗೇ ಹೋದೆ. ಅವತ್ತಿನಿಂದ ಪ್ರತಿ ಬೆಳಿಗ್ಗೆ ಡ್ಯೂಟಿಗೆ ಮೊದಲು ಒಂದು ನಾಳ ಹೊಲಿಯದೆ ಬೇರೆ ಕೆಲಸ ಮುಟ್ಟಬಾರದು ಎಂದು ನನಗೆ ನಾನೇ ಕಟ್ಟಳೆ ಹಾಕಿಕೊಂಡೆ. ಭಾನುವಾರವೂ ತಪ್ಪಿಸಲಿಲ್ಲ.

ತರಬೇತಿಯ ಮೂರನೆಯ ವರ್ಷ, ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಎಮರ್ಜೆನ್ಸಿಗೆ ಫೋನು ಬಂತು. ಎತ್ತಿದವಳು ನಾನೇ. ಜೆ.ಪಿ. ನಗರದಲ್ಲಿ ಮದುವೆ ಕಾರ್ಡು ಮಾಡುವ ಒಂದು ವರ್ಕ್‌ಶಾಪಿನಿಂದ ಅದರ ಮಾಲೀಕ ಮಾತಾಡುತ್ತಿದ್ದ. ಪೇಪರ್ ಕತ್ತರಿಸುವ ಮಷೀನಿಗೆ ಕೈ ಸಿಕ್ಕಿ ಕೆಲಸದ ಹೆಂಗಸೊಬ್ಬರ ಹೆಬ್ಬೆರಳು ತುಂಡಾಗಿದೆ ಎಂದು ತೊದಲುತ್ತಿದ್ದ. ಅವನ ಹಿಂದೆ ಒಂದು ಹೆಣ್ಣು ದನಿ ಗಟ್ಟಿಯಾಗಿ ಕೇಳುತ್ತಿತ್ತು: "ನನ್ನ ನೋಡ್ಬೇಡ್ರೋ, ಬೆರಳು ಹುಡುಕ್ರೋ! ಪೇಪರ್ ರಾಶಿ ಕೆಳಗೆ ನೋಡಿ!"

"ಬೆರಳು ಸಿಕ್ಕಿದ ತಕ್ಷಣ ಒದ್ದೆ ಬಟ್ಟೇಲಿ ಸುತ್ತಿ," ಎಂದೆ. "ಆಮೇಲೆ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಗಂಟು ಕಟ್ಟಿ. ಆ ಕವರನ್ನ ಐಸ್ ಮೇಲಿಡಿ. ಐಸ್ ಬೆರಳಿಗೆ ತಾಗಬಾರದು. ಕೈಗೆ ಬಿಗಿಯಾಗಿ ಬಟ್ಟೆ ಒತ್ತಿ ಹಿಡಿದು, ಮೇಲಕ್ಕೆತ್ತಿ, ಆಟೋ ಹತ್ತಿ."

ಆಕೆ ಬಂದಾಗ ನೋಡಿದೆ. ನಲವತ್ತರ ಆಸುಪಾಸು. ಮುಖ ಬಿಳಿಚಿಕೊಂಡಿತ್ತು, ಕಣ್ಣಲ್ಲಿ ನೀರಿರಲಿಲ್ಲ. ರಕ್ತದ ಬಟ್ಟೆ ಸುತ್ತಿದ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದರು. ಹಿಂದೆ ಮಾಲೀಕ ಐಸ್‌ಕ್ರೀಮಿನ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಡಬ್ಬಿಯೊಳಗೆ ನಾನು ಹೇಳಿದ ಹಾಗೆಯೇ ಕಟ್ಟಿದ್ದ ಹೆಬ್ಬೆರಳು. ಬುಡದ ಗೆಣ್ಣಿಗಿಂತ ಸ್ವಲ್ಪ ಮೇಲೆ ತುಂಡಾಗಿತ್ತು. ಅಲಗು ಹರಿತವಾಗಿದ್ದರಿಂದ ಜಜ್ಜಿರಲಿಲ್ಲ.

ಆಕೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಗಾಯ ಮುಚ್ಚಿ ಹೊಲಿದರೆ ಒಂದು ಗಂಟೆಯ ಕೆಲಸ, ಎರಡು ದಿನಕ್ಕೆ ಮನೆಗೆ ಹೋಗಬಹುದು, ಹೆಬ್ಬೆರಳು ಇರುವುದಿಲ್ಲ. ಮತ್ತೆ ಜೋಡಿಸಬೇಕೆಂದರೆ ಆರೇಳು ಗಂಟೆ, ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ, ಅಷ್ಟಾದರೂ ಉಳಿಯುತ್ತದೆಂಬ ಭರವಸೆ ಇಲ್ಲ.

ಮಾಲೀಕ ನಡುವೆ ಬಾಯಿ ಹಾಕಿದ. "ಮುಚ್ಬಿಡಿ ಮೇಡಂ. ಇನ್ನೂ ಒಂಬತ್ತು ಬೆರಳಿದೆಯಲ್ಲ, ಯಾಕೆ ಅಷ್ಟು ಕಷ್ಟ?"

ಆಕೆ ಅವನ ಕಡೆ ತಿರುಗಲೂ ಇಲ್ಲ. "ಹದಿನಾಲ್ಕು ವರ್ಷದಿಂದ ಕಟಿಂಗ್ ಮಾಡ್ತಿದೀನಿ ಮೇಡಂ. ಹೆಬ್ಬೆರಳು ಇಲ್ದಿದ್ರೆ ಉಳಿದ ನಾಲ್ಕು ಏನನ್ನ ಹಿಡ್ಕೊಳತ್ತೆ? ಒಂದು ಹಾಳೆನೂ ಎತ್ತಕ್ಕಾಗಲ್ಲ." ಆಮೇಲೆ ನೇರವಾಗಿ ಕೇಳಿದರು. "ನೀವು ಇದನ್ನ ಎಷ್ಟು ಸಲ ಮಾಡಿದೀರಾ?"

"ಸರ್ ಮಾಡುವಾಗ ಜೊತೇಲಿ ನಿಂತು ಮಾಡಿದೀನಿ. ನಾನೇ ಮಾಡೋದು ಇದು ಮೊದಲು. ಸರ್ ಪಕ್ಕದಲ್ಲೇ ಇರ್ತಾರೆ."

ಒಂದು ನಿಮಿಷ ನನ್ನ ಮುಖ ನೋಡಿದರು. "ಸುಳ್ಳು ಹೇಳಲಿಲ್ಲ ನೀವು. ಮಾಡಿ."

ತೋಳಿಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟೆವು. ಆಕೆ ಎಚ್ಚರವಾಗಿಯೇ ಇದ್ದರು, ನಮ್ಮ ನಡುವೆ ಒಂದು ಹಸಿರು ಪರದೆ. ಸರ್ ನನ್ನ ಎದುರಿಗೆ ಕೂತು ಎರಡೂ ಕೈ ಮಡಿಲಲ್ಲಿಟ್ಟುಕೊಂಡರು.

ಮೊದಲು ಮೂಳೆ. ಎರಡೂ ಕಡೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ ಸಣ್ಣ ತಂತಿಗಳಿಂದ ಸೇರಿಸಿದೆ. ಮೂಳೆ ಕಡಿಮೆಯಾದಷ್ಟೂ ನಾಳ, ನರಗಳನ್ನು ಎಳೆದು ತರುವ ಕಷ್ಟ ಕಡಿಮೆ. ಆಮೇಲೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು: ಬೆರಳನ್ನು ಚಾಚುವುದು, ಮಡಚುವುದು. ಅಲ್ಲಿಯವರೆಗೂ ಬಡಗಿ ಕೆಲಸ, ನೇಕಾರಿಕೆ ಕೆಲಸ. ಆಮೇಲೆ ಮೈಕ್ರೋಸ್ಕೋಪು ಎಳೆದುಕೊಂಡೆ. ಬೆರಳಿಗೆ ರಕ್ತ ತರುವ ನಾಳವನ್ನು ಹುಡುಕಿ, ಎರಡು ತುದಿಗಳನ್ನೂ ಚೊಕ್ಕ ಮಾಡಿ, ಎಂಟು ಹೊಲಿಗೆ ಹಾಕಿದೆ. ರಕ್ತ ತಡೆಹಿಡಿದಿದ್ದ ಸಣ್ಣ ಕ್ಲಿಪ್ಪುಗಳನ್ನು ತೆಗೆದೆ.

ಮೇಣದ ಬಣ್ಣಕ್ಕಿದ್ದ ಬೆರಳು ಬುಡದಿಂದ ಮೇಲಕ್ಕೆ ಕೆಂಪೇರಿತು. ನರ್ಸ್ "ಬಂತು!" ಎಂದರು.

"ಬಂತಾ ರಕ್ತ?" ಪರದೆಯ ಆಚೆಯಿಂದ ದನಿ.

ನಾನು ಉತ್ತರಿಸುವ ಮೊದಲೇ ಬಣ್ಣ ಹಿಂದಕ್ಕೆ ಸರಿಯತೊಡಗಿತು. ನಾಲ್ಕೈದು ನಿಮಿಷದಲ್ಲಿ ಮತ್ತೆ ಮೇಣ. ಬಿಸಿ ಸಲೈನ್ ಹಾಕಿದೆವು, ನಾಳ ಸಡಿಲಿಸುವ ಔಷಧ ಬಿಟ್ಟೆವು, ಕಾದೆವು. ಏನೂ ಆಗಲಿಲ್ಲ.

"ಏನಾಗಿದೆ?" ಎಂದರು ಸರ್.

"ಐದನೇ ಹೊಲಿಗೆ ಹಿಂದಿನ ಗೋಡೆ ಹಿಡಿದಿದೆ ಅನ್ಸತ್ತೆ ಸರ್."

"ಅನ್ಸತ್ತಾ, ಗೊತ್ತಾ?"

ಗೊತ್ತಿತ್ತು. ಸೂಜಿ ಹೋಗುವಾಗಲೇ ಕೊಂಚ ಬಿಗಿ ಅನ್ನಿಸಿತ್ತು, ಪರವಾಗಿಲ್ಲ ಎಂದು ಮುಂದೆ ಹೋಗಿದ್ದೆ. "ಗೊತ್ತು ಸರ್."

"ಹಾಗಾದ್ರೆ ಕಟ್ ಮಾಡಿ ತೆಗಿ."

ಅವರು ಕೈಹಾಕುತ್ತಾರೆಂದು ನಾನು ಒಳಗೊಳಗೇ ಆಸೆಪಟ್ಟಿದ್ದೆ. ಅವರ ಕೈ ಮಡಿಲಿನಿಂದ ಏಳಲಿಲ್ಲ.

"ಏನಾಯ್ತು ಮೇಡಂ? ಯಾಕೆ ಎಲ್ಲಾ ಸುಮ್ನಾದ್ರಿ?"

"ಮೊದಲ ಸಲ ಹೊಲಿದದ್ದು ನಿಲ್ಲಲಿಲ್ಲ," ಎಂದೆ. "ತಪ್ಪು ನನ್ನದೇ. ಬಿಚ್ಚಿ ಮತ್ತೆ ಹೊಲೀತೀನಿ."

"ಹೊಲೀರಿ. ನಾನೇನು ಎದ್ದು ಹೋಗ್ತೀನಾ?"

ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದೆ. ಒಳಗೆ ಆಗಲೇ ಸಾಸಿವೆ ಕಾಳಿನಷ್ಟು ರಕ್ತ ಹೆಪ್ಪುಗಟ್ಟಿತ್ತು. ಈಗ ಎರಡು ತುದಿಗಳ ನಡುವೆ ಅಂತರ ಬಿತ್ತು, ಎಳೆದು ಸೇರಿಸಿದರೆ ಹರಿಯುತ್ತದೆ. ಆಕೆಯದೇ ಮುಂಗೈಯಿಂದ ಸಣ್ಣದೊಂದು ನಾಳದ ತುಂಡು ತೆಗೆದು, ಒಳಗಿನ ಕವಾಟಗಳು ರಕ್ತ ತಡೆಯದಂತೆ ಅದನ್ನು ತಿರುಗಿಸಿ, ಮಧ್ಯೆ ಇಟ್ಟೆ. ಒಂದು ಜೋಡಣೆಯ ಜಾಗದಲ್ಲಿ ಈಗ ಎರಡು, ಎಂಟರ ಜಾಗದಲ್ಲಿ ಹದಿನಾರು ಹೊಲಿಗೆ. ಪ್ರತಿ ಹೊಲಿಗೆಗೂ ಮೊದಲು ನಾಳದ ಬಾಯಿ ತೆರೆದು ಒಳಗೆ ನೋಡಿದೆ. ಒಂದು ಹೊಲಿಗೆ ಸಂಶಯ ಬಂದದ್ದಕ್ಕೆ ಬಿಚ್ಚಿ ಮತ್ತೆ ಹಾಕಿದೆ. ಬೆನ್ನು ನೋಯುತ್ತಿತ್ತು, ಹಸಿವಾಗುತ್ತಿತ್ತು. ಕೈ ಮಾತ್ರ ನಡುಗಲಿಲ್ಲ.

ಕ್ಲಿಪ್ಪು ತೆಗೆದಾಗ ಈ ಸಲ ಯಾರೂ ಏನೂ ಅನ್ನಲಿಲ್ಲ. ಬೆರಳು ಕೆಂಪಾಯಿತು. ಗೋಡೆಯ ಗಡಿಯಾರದಲ್ಲಿ ಹತ್ತು ನಿಮಿಷ ಕಳೆಯಿತು, ಇಪ್ಪತ್ತು ಕಳೆಯಿತು. ಉಗುರು ಒತ್ತಿ ಬಿಟ್ಟೆ, ಮತ್ತೆ ಕೆಂಪು ತುಂಬಿಕೊಂಡಿತು. ರಕ್ತವನ್ನು ವಾಪಸು ಒಯ್ಯುವ ನಾಳಗಳು ತಾವಾಗಿಯೇ ಜಿನುಗಿ ಎಲ್ಲಿವೆ ಎಂದು ತೋರಿಸಿದವು. ಅವುಗಳಲ್ಲಿ ಎರಡನ್ನು ಸೇರಿಸಿ, ಕೊನೆಗೆ ಎರಡು ನರಗಳಿಗೆ ಬಂದೆ.

"ಬಂತು," ಎಂದೆ ಪರದೆಯ ಕಡೆಗೆ. "ಈ ಸಲ ನಿಂತಿದೆ."

ಆಗ ಆಕೆ ಅತ್ತರು.

ಹೊರಗೆ ಬಂದಾಗ ಸಂಜೆ ಏಳು ಗಂಟೆ. ಸರ್ ಕ್ಯಾಂಟೀನಿನಲ್ಲಿ ನನಗೊಂದು ಕಾಫಿ ತರಿಸಿದರು. ಎರಡು ವರ್ಷಕ್ಕೂ ಹೆಚ್ಚು ಕಾಲದ ಮೇಲೆ ಕುಡಿದೆ.

ವಾರ್ಡಿನಲ್ಲಿ ಆಕೆಗೆ ಕಾಫಿ ನಿಷೇಧ. ಅದರಿಂದ ಸಣ್ಣ ನಾಳಗಳು ಕುಗ್ಗುತ್ತವೆ. ಫ್ಯಾನೂ ಇಲ್ಲ, ಬೆರಳು ಬೆಚ್ಚಗಿರಬೇಕು. ಗಂಟೆಗೊಮ್ಮೆ ನರ್ಸ್ ಬಂದು ಉಗುರಿನ ಬಣ್ಣ ನೋಡಿ ಬರೆದಿಡುತ್ತಿದ್ದರು. "ಬೆರಳು ಉಳಿಸಿ ನನ್ನ ಸಾಯಿಸ್ತಿದಾರೆ," ಎಂದು ಆಕೆ ಪಕ್ಕದ ಮಂಚದವರಿಗೆ ಹೇಳುವುದು ನನಗೆ ಕೇಳಿಸಲೆಂದೇ ಇತ್ತು. ಒಂಬತ್ತನೆಯ ದಿನ ಮನೆಗೆ ಹೋದರು.

ನಿಜವಾದ ಕಷ್ಟ ಆಮೇಲೆ. ರಕ್ತನಾಳ ಹೊಲಿದ ಕೂಡಲೇ ಕೆಲಸ ಶುರು ಮಾಡುತ್ತದೆ. ನರ ಹಾಗಲ್ಲ. ನಾವು ಹೊಲಿಯುವುದು ಅದರ ಹೊರಗಿನ ಪೊರೆಯನ್ನು ಮಾತ್ರ. ಒಳಗಿನ ಎಳೆಗಳು ತುಂಡಾದ ಜಾಗದಿಂದ ಹೊಸದಾಗಿ ಬೆಳೆದು ತುದಿಯವರೆಗೆ ಹೋಗಬೇಕು, ಅದೂ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ. ಎರಡನೆಯ ತಿಂಗಳು ಬೆರಳು ಕೆಂಪಗೆ, ಬೆಚ್ಚಗೆ ಇತ್ತು. ಆದರೆ ಆಕೆಗೆ ಅದು ಇದೆಯೆಂದೇ ಗೊತ್ತಾಗುತ್ತಿರಲಿಲ್ಲ. ರೊಟ್ಟಿ ಮಾಡುವಾಗ ಕಾವಲಿಗೆ ತಾಗಿ ಸುಟ್ಟ ಬೊಬ್ಬೆ ತೋರಿಸಿದರು. ವಾಸನೆ ಬಂದ ಮೇಲೆ ತಿಳಿಯಿತಂತೆ.

ನನಗೆ ಅಳುಕಾಯಿತು. ನರದ ಹೊಲಿಗೆಯಲ್ಲೂ ತಪ್ಪಿದೆನೇ ಎಂಬ ಯೋಚನೆ. ಗಾಯದ ಗೆರೆಯಿಂದ ಮೇಲಕ್ಕೆ ನನ್ನ ಬೆರಳ ತುದಿಯಿಂದ ಮೆಲ್ಲಗೆ ಬಡಿಯುತ್ತಾ ಹೋದೆ. ಗೆರೆ ದಾಟಿ ಸ್ವಲ್ಪ ಮೇಲೆ ಬರುತ್ತಿದ್ದಂತೆ ಆಕೆ ಕೈ ಕಿತ್ತುಕೊಂಡರು.

"ಕರೆಂಟ್ ಹೊಡೀತು!"

"ಅಲ್ಲೀವರೆಗೆ ನರ ಬಂದಿದೆ," ಎಂದು ಪೆನ್ನಿನಿಂದ ಗುರುತು ಹಾಕಿ, ಗಾಯದಿಂದ ಎಷ್ಟು ದೂರವೆಂದು ಚೀಟಿಯಲ್ಲಿ ಬರೆದುಕೊಂಡೆ.

ಆಮೇಲೆ ನನಗಿಂತ ಹೆಚ್ಚು ಹಟ ಆಕೆಗೇ. ಮನೆಯಲ್ಲಿ ಬೋಗುಣಿ ತುಂಬ ಅಕ್ಕಿ ಹಾಕಿ, ಅದರೊಳಗೆ ಹುರುಳಿ, ಕಡಲೆ, ಅವರೆಕಾಳು ಬೆರೆಸಿ, ಕಣ್ಣು ಮುಚ್ಚಿ ಹೆಕ್ಕುವ ಅಭ್ಯಾಸವನ್ನು ಫಿಸಿಯೋಥೆರಪಿಯವರು ದಿನಕ್ಕೆ ಎರಡು ಸಲ ಮಾಡಲು ಹೇಳಿದ್ದರೆ ಆಕೆ ನಾಲ್ಕು ಸಲ ಮಾಡುತ್ತಿದ್ದರು. ಮಡಚಿದರೆ ಪ್ರಾಣ ಹೋಗುವಷ್ಟು ನೋವು. ಪ್ರತಿ ಭೇಟಿಯಲ್ಲೂ ಪೆನ್ನಿನ ಗುರುತು ಒಂದಿಷ್ಟು ಮೇಲೇರಿತು.

ಐದನೆಯ ತಿಂಗಳು ಕೆಲಸಕ್ಕೆ ಹೋಗಲು ಸರ್ಟಿಫಿಕೇಟ್ ಕೇಳಿದರು. ಬರೆದುಕೊಡುವ ಮೊದಲು ಆ ಮಷೀನನ್ನು ನಾನೇ ನೋಡಬೇಕು ಎಂದೆ. ಒಂದು ಶನಿವಾರ ಮಧ್ಯಾಹ್ನ ಜೊತೆಯಲ್ಲೇ ಹೋದೆವು. ಅಲಗು ಇಳಿಯಬೇಕಾದರೆ ಎರಡು ಗುಂಡಿಗಳನ್ನು ಎರಡೂ ಕೈಯಿಂದ ಒಟ್ಟಿಗೆ ಒತ್ತಬೇಕಾದ ಮಷೀನು ಅದು. ಎರಡು ಕೈಯೂ ಗುಂಡಿಯ ಮೇಲಿದ್ದರೆ ಅಲಗಿನ ಕೆಳಗೆ ಯಾವ ಕೈಯೂ ಇರಲು ಸಾಧ್ಯವಿಲ್ಲ. ಕೆಲಸ ಬೇಗ ಆಗಲೆಂದು ಒಂದು ಗುಂಡಿಯನ್ನು ಒತ್ತಿ ಟೇಪು ಸುತ್ತಿಟ್ಟಿದ್ದರು. ಟೇಪು ಇನ್ನೂ ಹಾಗೇ ಇತ್ತು.

ನಾನು ಮಾಲೀಕನಿಗೆ ಏನೋ ಹೇಳಹೊರಟೆ. ಆಕೆ ನನ್ನನ್ನು ತಡೆದರು.

"ಅಣ್ಣ, ಆ ಟೇಪು ತೆಗೀರಿ," ಎಂದರು. "ತೆಗೆದ್ರೆ ಸೋಮವಾರದಿಂದ ಬರ್ತೀನಿ. ಇಲ್ಲ ಅಂದ್ರೆ ನಾನೂ ಬರಲ್ಲ, ಇವರಲ್ಲಿ ಯಾರನ್ನೂ ಮಷೀನ್ ಮುಟ್ಟಕ್ಕೂ ಬಿಡಲ್ಲ."

ಮಡಿಸುವ ಮೇಜಿನ ಸುತ್ತ ಕೂತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. ಮಾಲೀಕ ತಲೆ ತಗ್ಗಿಸಿ, ಬ್ಲೇಡು ತಂದು, ತಾನೇ ಟೇಪು ಕೊಯ್ದ. ನಾನು ಅಲ್ಲೇ ಕೂತು ಸರ್ಟಿಫಿಕೇಟ್ ಬರೆದೆ.

ಮುಂದಿನ ಭೇಟಿಗೆ ಆಕೆ ಬರಲೇ ಇಲ್ಲ. ನಾನೇ ಫೋನು ಮಾಡಿದೆ.

"ಮದುವೆ ಸೀಸನ್ ಮೇಡಂ, ತಲೆ ಎತ್ತಕ್ಕೆ ಟೈಮಿಲ್ಲ. ಆಷಾಢದಲ್ಲಿ ಬರ್ತೀನಿ, ಆವಾಗ ಕಾರ್ಡ್ ಕೇಳೋರೇ ಇರಲ್ಲ."

ಆಷಾಢದಲ್ಲಿ ಬಂದರು. ಚಳಿಗೆ ಬೆರಳು ಜುಮ್ಮೆನ್ನುತ್ತದೆಂದು ಅದಕ್ಕೊಂದು ಉಣ್ಣೆಯ ಟೋಪಿ ಹೆಣೆದು ಹಾಕಿದ್ದರು. ಮೇಲಿನ ಗೆಣ್ಣು ಅರ್ಧ ಮಾತ್ರ ಮಡಚುತ್ತಿತ್ತು. ನಾನು ಸ್ಪರ್ಶ ಪರೀಕ್ಷೆಯ ಸೂಜಿ ತೆಗೆಯುವಷ್ಟರಲ್ಲಿ ಆಕೆ ಚೀಲದಿಂದ ಕಾರ್ಡಿನ ಹಾಳೆಗಳ ಕಟ್ಟೊಂದನ್ನು ಮೇಜಿನ ಮೇಲಿಟ್ಟರು. ನುಣುಪು, ಒರಟು, ಬಟ್ಟೆಯಂಥದು, ಉಬ್ಬು ಗೆರೆಯದು, ಹೀಗೆ ಆರು ಬಗೆ.

"ಸೂಜಿ ಬೇಡ. ನಾನು ಕಣ್ಣು ಮುಚ್ತೀನಿ, ಒಂದೊಂದೇ ಕೊಡಿ."

ಕೊಟ್ಟೆ. ಹೆಬ್ಬೆರಳು, ತೋರುಬೆರಳ ನಡುವೆ ಹಾಳೆಯನ್ನು ಹಿಡಿದು, ನಿಧಾನವಾಗಿ ತಿಕ್ಕಿ, ಹೆಸರು ಹೇಳಿದರು. ಐದು ಸರಿ. ಆರನೆಯದು, ಉಬ್ಬು ಗೆರೆಯದು, ತಪ್ಪಿತು. ಕಣ್ಣು ಬಿಟ್ಟು ಅದನ್ನು ನೋಡಿ ಮುಖ ಗಂಟಿಕ್ಕಿಕೊಂಡರು.

"ಇದೊಂದು ಇನ್ನೂ ಬಂದಿಲ್ಲ," ಎಂದು ಆ ಹಾಳೆಯನ್ನು ಮಡಿಸದೆ ಪರ್ಸಿನಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಹೋಗುತ್ತಾ ಅಭ್ಯಾಸ ಮಾಡುತ್ತೇನೆಂದು ಎದ್ದರು.